ಗುಡ್ಡದಲ್ಲಿ ಲೇಔಟ್ ಬರುವ ಮುನ್ನ: ಪರಿಸರ ಪರಿಣಾಮ ಅಳೆಯುವ ಬಗೆ

ಮೊದಲು ಪಹಣಿ, ಗ್ರಾಮನಕ್ಷೆ ತರಿಸಿ. ಜಾಗ ಸೊಪ್ಪಿನಬೆಟ್ಟವೋ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು), ಕಾನೋ (ಸದಾ ಹಸಿರಾಗಿರುವ ದಟ್ಟ ಕಾಡು), ಗೋಮಾಳವೋ ನೋಡಿ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧ್ಯಯನ (ಇಐಎ) ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಕಡಿಮೆಯಿದ್ದರೂ ಅಧ್ಯಯನ ಬಿಡಬೇಡಿ.

ಮಲೆನಾಡಿನಲ್ಲಿ ನೀರಿನ ಲೆಕ್ಕವೇ ಮುಖ್ಯ. ಒಂದು ಎಕರೆಗೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್. ತೀರ್ಥಹಳ್ಳಿ, ಹೊಸನಗರದ ಕಡೆ ಅಷ್ಟು ಮಳೆ ಒಂದೇ ದಿನ ಸುರಿಯುವುದುಂಟು. ನೆಲ ಎಷ್ಟು ಹೀರುತ್ತದೆ ಎಂದು ತಿಳಿಯಲು 30 ಸೆಂ.ಮೀ. ಆಳದ ಗುಂಡಿ ತೋಡಿ, ನೀರು ತುಂಬಿ ನೆನೆಯಲು ಬಿಡಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಮರದಡಿ, ಬಯಲಲ್ಲಿ, ಜೆಸಿಬಿ ಓಡಾಡಿದಲ್ಲಿ ಬೇರೆಬೇರೆಯಾಗಿ ಮಾಡಿ. ಕಾಂಕ್ರೀಟ್ ಹಾಕಿದ ಭಾಗದ ನೀರು ಬಹುಪಾಲು ಕೆಳಗಿನ ಅಡಿಕೆ ತೋಟಕ್ಕೇ ನುಗ್ಗುತ್ತದೆ.

ಬೇಸಿಗೆಯಲ್ಲಷ್ಟೇ ಸಮೀಕ್ಷೆ ಮಾಡುವುದು ದೊಡ್ಡ ತಪ್ಪು. ಮಳೆಗಾಲದ ಒರತೆ, ಕಪ್ಪೆಗಳು ಆಗ ಕಾಣುವುದೇ ಇಲ್ಲ. ಜುಲೈನಲ್ಲಿ ಒರತೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಏಪ್ರಿಲ್‌ನಲ್ಲಿ ಬಾವಿಗಳ ಮಟ್ಟ ಬರೆದುಕೊಳ್ಳಿ. ಒರತೆಯಿರುವ ಇಳಿಜಾರಿನ ಬುಡ ಕಡಿಯಲು ಒಪ್ಪಲೇಬೇಡಿ: ಜಂಬಿಟ್ಟಿಗೆಯಡಿಯ ಜೇಡಿ ನೆನೆದು ಸಡಿಲವಾದಾಗ, ಆಸರೆ ಕಳೆದುಕೊಂಡ ಮೇಲಿನ ಮಣ್ಣು ಮರಸಮೇತ ಜಾರುತ್ತದೆ.