ಚಳಿ ತಡೆಯೋ ಬಾಳೆಗೆ ಬೇಗ ಹೂ ಬಿಡೋ ಬಾಳೆಯ ಪರಾಗ ಹಾಕೋದು ಹೇಗೆ?

ಹಿಮ ಬೀಳೋ ಊರಲ್ಲಿ ಬಸ್ಜೂ ಅನ್ನೋ ಚಳಿ ತಡೆಯೋ ಬಾಳೆ ನೆಟ್ಟವರದ್ದು ಒಂದೇ ಗೋಳು. ಗಿಡ ಸಾಯಲ್ಲ, ಗೊನೆನೂ ಹಾಕಲ್ಲ. ಮೊದಲ ಹಿಮಕ್ಕೇ ಎಲೆ ಕಪ್ಪಾಗುತ್ತದೆ, ಆಮೇಲೆ ಕಾಂಡ ಕೊಳೆಯುತ್ತದೆ, ದಪ್ಪಗೆ ಒಣಹುಲ್ಲು ಹೊದಿಸಿದ್ದರೆ ಗೆಡ್ಡೆಯೊಂದು ಉಳಿದು ಚಳಿ ಹೋದಮೇಲೆ ಮತ್ತೆ ಕಂದು ಹಾಕುತ್ತದೆ. ಆದರೆ ಮೂತಿ, ಅಂದರೆ ಬಾಳೆಯ ಹೂಗೊಂಚಲು, ಬರುವುದು ಆ ಕಾಂಡದೊಳಗಿಂದ ದಿಂಡು ಮೇಲೇರಿದಾಗ ಅಲ್ವಾ? ಕಾಂಡ ವರ್ಷವರ್ಷ ಹೋದರೆ ಲೆಕ್ಕ ವರ್ಷವರ್ಷ ಸೊನ್ನೆಯಿಂದ. ಅದಕ್ಕೇ ಇನ್ನೂ ಜಾಸ್ತಿ ಚಳಿ ತಡೆಯೋ ಗಿಡಕ್ಕಿಂತ, ಬೇಗ ಹೂ ಬಿಡೋ ಗಿಡ ಬೇಕು ಅನ್ನೋದು ನನ್ನ ವಾದ.

ತಾಯಿ ಬಸ್ಜೂ ಇರಲಿ. ತಂದೆಗೆ ಅಸ್ಸಾಂ, ಅರುಣಾಚಲ ಕಡೆಯ ವೆಲುಟಿನಾ ಅನ್ನೋ ಕಾಡುಬಾಳೆ ನೋಡಿ. ಗುಲಾಬಿ ಬಣ್ಣದ ಪುಟ್ಟ ಕಾಯಿ, ಹಣ್ಣಾದರೆ ಸಿಪ್ಪೆ ತಾನೇ ಬಿಚ್ಚಿಕೊಳ್ಳುತ್ತದೆ, ಹೂ ಬಿಡುವುದೂ ಬೇಗ. ಎರಡಕ್ಕೂ 22 ವರ್ಣತಂತು (ಕ್ರೋಮೋಸೋಮ್), ಆದ್ದರಿಂದ ಪ್ರಯತ್ನಕ್ಕೆ ಅಡ್ಡಿಯಿಲ್ಲ, ಕಾಳು ಕಟ್ಟೇ ಕಟ್ಟುತ್ತದೆ ಅಂತ ಮಾತ್ರ ಹೇಳಲಾರೆ. ನಮ್ಮ ಘಟ್ಟದ ಕಲ್ಲುಬಾಳೆ ಹಾಕಬಹುದಾ ಅಂತ ಕೇಳುತ್ತಾರೆ. ಬೇಡ, ಅದರ ಕುಲವೇ ಬೇರೆ, ವರ್ಣತಂತು 18. ಅಂಗಡಿಯ ಪಚ್ಚಬಾಳೆಯೂ ಆಗದು. ಅದರಲ್ಲಿ ಬೀಜವಿಲ್ಲ, ಪರಾಗವೂ ಹೆಚ್ಚುಕಮ್ಮಿ ಬರಡು.

ಹೊಂಚು ಹಾಕಬೇಕಾದ್ದು ಹೂವಿನ ಹೊತ್ತಿಗೆ. ಗೊನೆಯಲ್ಲಿ ಮೊದಲು ಬಿಡುವ ಚಿಪ್ಪುಗಳಷ್ಟೇ ಹೆಣ್ಣು, ಅವು ಕೆಲವೇ ದಿನಗಳ ಆಟ. ಆಮೇಲೆ ಮೂತಿಯಿಂದ ವಾರಗಟ್ಟಲೆ ಬರುವುದೆಲ್ಲ ಗಂಡು. ಹಾಗಾಗಿ ಬಸ್ಜೂ ಮೂತಿ ಹೊರಗೆ ಇಣುಕುವಾಗ ವೆಲುಟಿನಾ ಆಗಲೇ ಗಂಡು ಹೂ ಬಿಡುತ್ತಿರಬೇಕು. ಎರಡು ಮೂರು ಕುಂಡ ಹಿಂದುಮುಂದಾಗಿ ಬೆಳೆಸಿಟ್ಟರೆ ಒಂದಾದರೂ ಸಿಗುತ್ತದೆ.

ಮೂತಿ ಹೊರಬಂದ ಕೂಡಲೇ ತೆಳ್ಳಗಿನ ಬಟ್ಟೆಚೀಲ ಕಟ್ಟಿ, ಜೇನುನೊಣ ಬೇರೆ ಪರಾಗ ತರದಂತೆ. ದಿನಾ ಬೆಳಿಗ್ಗೆ ಬೇಗ ಚೀಲ ಬಿಚ್ಚಿ ನೋಡಿ. ಎಸಳು ಮೇಲೆದ್ದಿದ್ದರೆ ಅದರಡಿ ಪುಟ್ಟ ಕಾಯಿಗಳ ಸಾಲು, ಪ್ರತಿ ಕಾಯಿಯ ತುದಿಯ ಹೂವಿನೊಳಗೆ ಅಂಟಂಟಾದ ಒಂದು ಗುಂಡು ಕಾಣುತ್ತದೆ. ಅದೇ ಹೊತ್ತಿಗೆ ಅರಳಿದ ವೆಲುಟಿನಾದ ಗಂಡು ಹೂ ಕಿತ್ತು ಅದಕ್ಕೆ ಸವರಿ, ಗುಂಡಿನ ಮೇಲೆ ಪುಡಿ ಹತ್ತಿದ್ದು ಕಾಣಬೇಕು. ಒಮ್ಮೆ ನಾನು ಸೋಮಾರಿತನಕ್ಕೆ ಮಧ್ಯಾಹ್ನ ಹೋದೆ, ಇಡೀ ಚಿಪ್ಪಲ್ಲಿ ಒಂದು ಕಾಳೂ ಕಟ್ಟಲಿಲ್ಲ. ಸವರಿದ ಚಿಪ್ಪಿಗೆ ತಾರೀಖಿನ ಚೀಟಿ ಕಟ್ಟಿ, ಚೀಲ ಮತ್ತೆ ಮುಚ್ಚಿ. ಹೆಣ್ಣು ಚಿಪ್ಪು ಮುಗಿಯುವವರೆಗೂ ಇದೇ ಕೆಲಸ.

ಕಾಯಿ ಬಲಿಯಲು ಮೂರ್ನಾಲ್ಕು ತಿಂಗಳು ಬೇಕು, ಅಷ್ಟರಲ್ಲಿ ಚಳಿ ಬಂದರೆ ಎಲ್ಲ ಹೋಯಿತು. ಅದಕ್ಕೆ ತಾಯಿಗಿಡ ದೊಡ್ಡ ಡ್ರಮ್ಮಿನಲ್ಲಿದ್ದರೆ ಒಳಗೆ ಎಳೆದುಕೊಳ್ಳಬಹುದು.

ಕಾಳು ಕಪ್ಪಗೆ, ಕಲ್ಲಿನಂತೆ ಗಟ್ಟಿ. ತಿರುಳು ತೊಳೆದು, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೆರಳ ಗೆಣ್ಣಿನ ಅರ್ಧದಷ್ಟು ಆಳಕ್ಕೆ ಹಾಕಿ. ಹಗಲು 30-35 ಡಿಗ್ರಿ, ರಾತ್ರಿ 20ರ ಆಸುಪಾಸು, ಹೀಗೆ ಏರಿಳಿದರೆ ಮೊಳಕೆ ಚೆನ್ನ. ತಿಂಗಳಾದರೂ ಏಳಲಿಲ್ಲ ಅಂತ ಮಣ್ಣು ಚೆಲ್ಲಬೇಡಿ, ಕೆಲವು ಆರು ತಿಂಗಳೂ ತೆಗೆದುಕೊಳ್ಳುತ್ತವೆ.

ಸಸಿಗಳು ಮೊದಲ ಚಳಿಗಾಲ ಒಳಗಿರಲಿ. ಎರಡನೆಯದಕ್ಕೆ ಹೊರಗೆ ನೆಟ್ಟು ಅರ್ಧದಷ್ಟು ಗಿಡಗಳಿಗೆ ಮಾತ್ರ ಹೊದಿಕೆ ಹಾಕಿ. ಹೊದಿಕೆ ಇಲ್ಲದೆಯೂ ಗೆಡ್ಡೆ ಉಳಿಸಿಕೊಂಡು, ಮುಂದಿನ ಬೇಸಿಗೆಯಲ್ಲೇ ಮೂತಿ ತೋರಿಸಿದ ಗಿಡದ ಕಂದು ಎತ್ತಿಟ್ಟುಕೊಳ್ಳಿ. ಅದರ ಹಣ್ಣಲ್ಲೂ ಕಾಳು ತುಂಬಿರುತ್ತದೆ, ತಿನ್ನೋ ಆಸೆ ಈಗಲೇ ಬೇಡ.