ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟು? ಪೊಟ್ಟಣದ ಹಿಂಬದಿ ಓದುವುದು ಹೀಗೆ

ಕಳೆದ ವಾರ ಕೋಲಾರದ ಅಂಗಡಿಯೊಂದರಲ್ಲಿ ರಾಗಿ ಬಿಸ್ಕತ್ತು ಕೊಂಡೆ. ಪೊಟ್ಟಣದ ಮುಂದೆ ಕಾಳು ತುಂಬಿದ ರಾಗಿ ತೆನೆಯ ಚಿತ್ರ, ಕೆಳಗೆ ಆರೋಗ್ಯದ ಮಾತು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ, ನಾಲ್ಕನೆಯದಾಗಿ ರಾಗಿ: ಶೇ 12. ಮುದ್ದೆ ಉಂಡು ಬೆಳೆದ ನಮ್ಮ ಸೀಮೆಯವರಿಗೇ ರಾಗಿಯ ಹೆಸರಿನಲ್ಲಿ ಮೈದಾ ಮಾರುತ್ತಿರುವುದನ್ನು ಕಂಡು ಸಿಟ್ಟು ಬಂತು.

ಆದ್ದರಿಂದ ಮೊದಲು ಪೊಟ್ಟಣವನ್ನು ತಿರುಗಿಸಿ, 'ಇಂಗ್ರೀಡಿಯೆಂಟ್ಸ್' ಪಟ್ಟಿ ಹುಡುಕಿ. ತೂಕದಲ್ಲಿ ಹೆಚ್ಚಿರುವ ಪದಾರ್ಥವನ್ನು ಮೊದಲು ಬರೆಯಬೇಕೆಂಬುದು ನಿಯಮ. ಚಿತ್ರದಲ್ಲಿ ತೋರಿಸಿ ಮೆರೆಸಿದ ಪದಾರ್ಥದ ಶೇಕಡಾವಾರು ಪ್ರಮಾಣವನ್ನೂ ನಮೂದಿಸಬೇಕು. ಹೆಸರುಗಳ ವೇಷ ಗೊತ್ತಿರಲಿ: 'ರಿಫೈನ್ಡ್ ವೀಟ್ ಫ್ಲೋರ್' ಎಂದರೆ ಮೈದಾ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಸಕ್ಕರೆಯ ಬಳಗದವು. ಇಂಗ್ಲಿಷ್ ಬಾರದ ಹಿರಿಯರು ಮನೆಯ ಶಾಲಾ ಮಕ್ಕಳಿಂದ ಓದಿಸಲಿ.

ನಂತರ ಸಕ್ಕರೆಯ ಲೆಕ್ಕ. ನನ್ನ ಪೊಟ್ಟಣದಲ್ಲಿ 100 ಗ್ರಾಂಗೆ 24 ಗ್ರಾಂ ಸಕ್ಕರೆ ಎಂದಿತ್ತು. ಪೊಟ್ಟಣ 150 ಗ್ರಾಂ; ಅಂದರೆ 36 ಗ್ರಾಂ. ಒಂದು ಟೀ ಚಮಚಕ್ಕೆ 4 ಗ್ರಾಂ ಎಂದರೂ ಒಂಬತ್ತು ಚಮಚ! ಒಂದು ಬಟ್ಟಲಿಗೆ ಒಂಬತ್ತು ಚಮಚ ಸಕ್ಕರೆ ಸುರಿದು ನೋಡಿದೆ. ಮಗುವಿನ ಮುಂದೆ ಅದನ್ನು ಇಡಲು ಯಾವ ತಾಯಿಗೂ ಮನಸ್ಸು ಬಾರದು. ಕೆಲವು ಕಡೆ 'ಪರ್ ಸರ್ವಿಂಗ್' ಎಂದು ಎರಡೇ ಬಿಸ್ಕತ್ತಿನ ಲೆಕ್ಕ ಕೊಟ್ಟಿರುತ್ತಾರೆ. ಅದನ್ನು ಬಿಟ್ಟು 100 ಗ್ರಾಂನ ಅಂಕಿಯನ್ನೇ ಹಿಡಿಯಿರಿ.

'ಶುಗರ್ ಫ್ರೀ' ಎಂದರೆ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಿಲ್ಲ ಎಂದಷ್ಟೇ ಅರ್ಥ. ಅದರಲ್ಲಿ ಮೈದಾ ಇರಬಹುದು, ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ತಯಾರಿಸಿದ ಪುಡಿ) ಇರಬಹುದು. ಎರಡೂ ಹೊಟ್ಟೆಗಿಳಿದು ಗ್ಲೂಕೋಸ್ ಆಗುತ್ತವೆ. ಸಕ್ಕರೆ ಕಾಯಿಲೆಯವರು ಇಲ್ಲಿಯೇ ಮೋಸ ಹೋಗುವುದು. ಕಡಲೆಕಾಯಿ ಎಣ್ಣೆಯ ಮೇಲಿನ 'ಕೊಲೆಸ್ಟ್ರಾಲ್ ಇಲ್ಲ' ಎಂಬುದೂ ದೊಡ್ಡಸ್ತಿಕೆಯಲ್ಲ, ಸಸ್ಯದ ಎಣ್ಣೆಯಲ್ಲಿ ಅದು ಮೊದಲೇ ಇರುವುದಿಲ್ಲ.

ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳ ವಿಷಯಕ್ಕೆ ಬಂದರೆ, 'ಹೆಲ್ತ್ ಡ್ರಿಂಕ್' ಎಂಬುದಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯಾನವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಇಂಥವನ್ನು ಆ ಹೆಸರಿನಡಿ ಮಾರಬಾರದೆಂದು ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು.

ಸುಳ್ಳು ಬರಹ ಕಂಡರೆ ಪೊಟ್ಟಣ ಎಸೆಯಬೇಡಿ. ಅದರ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದು, ಅಂಗಡಿಯ ರಸೀದಿಯೊಂದಿಗೆ 'ಫುಡ್ ಸೇಫ್ಟಿ ಕನೆಕ್ಟ್' ಎಂಬ ಆನ್‌ಲೈನ್ ದೂರು ವ್ಯವಸ್ಥೆಯ ಮೂಲಕ ಎಫ್‌ಎಸ್‌ಎಸ್‌ಎಐಗೆ ದೂರು ಕೊಡಿ.