ಬೇಡಿಕೆ ಏರಿದ ಕಾಲದಲ್ಲಿ ರಿವಾಲ್ವರ್ ಮತ್ತು ಗುಂಡು: ಅಮೆರಿಕದಲ್ಲಿರುವ ಕನ್ನಡಿಗರಿಗೆ ಖರೀದಿಯ ಕ್ರಮ

ಅಮೆರಿಕದಲ್ಲಿ ಜನರು ಬಂದೂಕು ಖರೀದಿಗೆ ಮುಗಿಬಿದ್ದಾಗ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೊದಲು ಖಾಲಿಯಾಗುವುದು 9 ಎಂಎಂ ಪಿಸ್ತೂಲುಗಳು ಮತ್ತು ಅವುಗಳ ಗುಂಡುಗಳು. ಗಾಜಿನ ಕಪಾಟಿನಲ್ಲಿ ಒಂದೆರಡು ರಿವಾಲ್ವರುಗಳು ಉಳಿದಿರುವುದನ್ನು ಕಂಡು, ಇದಾದರೂ ಇರಲಿ ಎಂದು ಕೊಂಡು ತಂದವರು, ಅದಕ್ಕೆ ಹೊಂದುವ ಗುಂಡು ತಿಂಗಳುಗಟ್ಟಲೆ ಸಿಗದೆ ಕೈಕಟ್ಟಿ ಕೂರುತ್ತಾರೆ. ಆದ್ದರಿಂದ ಇಂಥ ಕಾಲದಲ್ಲಿ ಕೊಳ್ಳುವವರು ಎಂದಿನ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುವುದು ಒಳ್ಳೆಯದು: ಮೊದಲು ಕಾಗದಪತ್ರ, ಆಮೇಲೆ ಗುಂಡು, ಕಟ್ಟಕಡೆಗೆ ರಿವಾಲ್ವರ್.

ಕಾಗದಪತ್ರವನ್ನು ಮೊದಲಿಗಿಟ್ಟಿರುವುದಕ್ಕೆ ಕಾರಣವಿದೆ. ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ವಲಸೆಯೇತರ ವೀಸಾಗಳ ಮೇಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯವೊಂದು ಕೊಟ್ಟ ಊರ್ಜಿತ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿ ಉಂಟಾದರೂ, ಅದನ್ನು ನೆಚ್ಚಿಕೊಂಡು ಅಂಗಡಿಗೆ ಹೋಗುವ ಮುನ್ನ ವಕೀಲರೊಬ್ಬರ ಬಳಿ ಕೇಳಿಕೊಳ್ಳುವುದೇ ಸರಿ. ಏಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ದಂಡದ ಹಣವಷ್ಟೇ ಅಲ್ಲ, 2022ರ ತಿದ್ದುಪಡಿಯ ನಂತರ 15 ವರ್ಷಗಳವರೆಗಿನ ಜೈಲುಶಿಕ್ಷೆಯೂ ಗಡೀಪಾರೂ ಎದುರಾಗಬಹುದು. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಬಂದೂಕನ್ನು ಕೈಗೆ ತೆಗೆದುಕೊಳ್ಳುವುದು ಕೂಡ ಹೊಂದುವುದರ ವ್ಯಾಪ್ತಿಗೇ ಬರುತ್ತದೆ ಎಂಬುದನ್ನು ನಮ್ಮ ಸಾಫ್ಟ್‌ವೇರ್ ಹುಡುಗರು ಬಹುಮಟ್ಟಿಗೆ ಗಮನಿಸುವುದಿಲ್ಲ. ಗ್ರೀನ್ ಕಾರ್ಡ್ ಇರುವವರು ಮತ್ತು ಪೌರತ್ವ ಪಡೆದವರು, ಬೇರೆ ಅಡ್ಡಿಗಳಿಲ್ಲದಿದ್ದರೆ, ಕೊಳ್ಳಬಹುದು. ಪರವಾನಗಿ ಹೊಂದಿದ ಅಂಗಡಿಯಿಂದ ಕೈಬಂದೂಕನ್ನೂ (ಪಿಸ್ತೂಲು, ರಿವಾಲ್ವರ್) ಅದರ ಗುಂಡನ್ನೂ ಕೊಳ್ಳಲು 21 ವರ್ಷ ತುಂಬಿರಬೇಕು.

ಅಂಗಡಿಯಲ್ಲಿ 4473 ಸಂಖ್ಯೆಯ ಫಾರಂ ತುಂಬಿಸುತ್ತಾರೆ. ಈಗಿನ ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ಬೇಕು. ಗ್ರೀನ್ ಕಾರ್ಡ್‌ನವರು ತಮ್ಮ ಏಲಿಯನ್ ಸಂಖ್ಯೆಯನ್ನೂ ಬರೆಯಬೇಕು. ಮನೆ ಬದಲಿಸಿ ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೆಯ ವಿಳಾಸವನ್ನೇ ಉಳಿಸಿಕೊಂಡವರು, ಇಡೀ ಸರದಿಯಲ್ಲಿ ನಿಂತು ಕೌಂಟರಿಗೆ ತಲುಪಿದ ಮೇಲೆ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆ ಬಳಿಕ ಎಫ್‌ಬಿಐ ನಡೆಸುವ ನಿಕ್ಸ್ ಎಂಬ ಹಿನ್ನೆಲೆ ತಪಾಸಣೆ ನಡೆಯುತ್ತದೆ. 2020ರಲ್ಲಿ ಈ ವ್ಯವಸ್ಥೆಯ ಮೂಲಕ ನಡೆದ ತಪಾಸಣೆಗಳು ಸುಮಾರು 3.97 ಕೋಟಿ, 2021ರ ಮಾರ್ಚ್ ತಿಂಗಳೊಂದರಲ್ಲೇ ಸುಮಾರು 47 ಲಕ್ಷ. ಪರವಾನಗಿಗಾಗಿ ನಡೆಯುವ ತಪಾಸಣೆಗಳೂ ಇದರಲ್ಲಿ ಸೇರಿರುವುದರಿಂದ ಇವನ್ನು ಮಾರಾಟದ ಸಂಖ್ಯೆ ಎಂದು ಓದಬಾರದು, ಆದರೆ ಒತ್ತಡ ಎಷ್ಟಿತ್ತೆಂಬುದು ತಿಳಿಯುತ್ತದೆ. ಅಂಥ ವೇಳೆ ಉತ್ತರ ತಡವಾಗುವುದು ಸಹಜ. ತಡವಾಯಿತೆಂದು ಸಂಬಂಧಿಕರ ಹೆಸರಿನಲ್ಲಿ ಕೊಳ್ಳಲು ಹೋಗುವುದು ಗಂಭೀರ ಅಪರಾಧ, ಹಾಗೆ ಹೆಸರು ಕೊಟ್ಟವರಿಗೂ ಶಿಕ್ಷೆಯುಂಟು.

ರಾಜ್ಯದ ಕಾನೂನು ಇದರ ಮೇಲೆ ಇನ್ನೊಂದು ಪದರ. ಟೆಕ್ಸಸ್‌ನಲ್ಲಿ ಕೊಳ್ಳಲು ರಾಜ್ಯದ ಪ್ರತ್ಯೇಕ ಪರವಾನಗಿ ಬೇಕಿಲ್ಲ. ನ್ಯೂಜೆರ್ಸಿಯಲ್ಲಿ ಪ್ರತಿ ಕೈಬಂದೂಕಿಗೂ ಬೇರೆ ಬೇರೆ ಅನುಮತಿ ಪತ್ರ ಬೇಕು. ಇಲಿನಾಯ್‌ನಲ್ಲಿ ಫಾಯ್ಡ್ ಎಂಬ ಬಂದೂಕುದಾರರ ಗುರುತಿನ ಕಾರ್ಡ್ ಇಲ್ಲದೆ ಗುಂಡನ್ನೂ ಕೊಡುವುದಿಲ್ಲ, 2020ರಲ್ಲಿ ಆ ಕಾರ್ಡಿಗಾಗಿ ಜನ ತಿಂಗಳುಗಟ್ಟಲೆ ಕಾದರು. ಕ್ಯಾಲಿಫೋರ್ನಿಯಾದಲ್ಲಿ ಹಣ ಕಟ್ಟಿದ ಮೇಲೂ 10 ದಿನ ಕಾಯಬೇಕು, ರಾಜ್ಯದ ಪಟ್ಟಿಯಲ್ಲಿಲ್ಲದ ಹೊಸ ಮಾದರಿಗಳನ್ನು ಅಂಗಡಿಯವರು ಸಾಮಾನ್ಯ ಗ್ರಾಹಕರಿಗೆ ಮಾರುವಂತಿಲ್ಲ. ಗುಂಡು ಖರೀದಿಗೂ ಅಲ್ಲಿ 2019ರ ಜುಲೈನಿಂದ ಹಿನ್ನೆಲೆ ತಪಾಸಣೆ ಜಾರಿಗೆ ಬಂದಿತು, ಅದರ ಮೇಲೆ ಮೊಕದ್ದಮೆಗಳೂ ನಡೆದಿರುವುದರಿಂದ ಸದ್ಯದ ನಿಯಮವನ್ನು ಅಂಗಡಿಯಲ್ಲೇ ವಿಚಾರಿಸಿಕೊಳ್ಳಬೇಕು. ಪಕ್ಕದ ರಾಜ್ಯದಲ್ಲಿ ರಿವಾಲ್ವರ್ ಕಂಡರೂ ಅಲ್ಲೇ ಕೈಗೆ ಕೊಡುವುದಿಲ್ಲ, ನಿಮ್ಮ ರಾಜ್ಯದ ಪರವಾನಗಿದಾರ ಅಂಗಡಿಯ ಮೂಲಕವೇ ಅದು ಬರಬೇಕು.

ಇನ್ನು ಗುಂಡಿನ ವಿಷಯ. 2020ರಲ್ಲಿ ಮೊದಲ ಬಾರಿಗೆ ಬಂದೂಕು ಕೊಂಡವರು ಸುಮಾರು 84 ಲಕ್ಷ ಮಂದಿ ಎಂದು ಅಲ್ಲಿನ ಬಂದೂಕು ಉದ್ಯಮದ ಸಂಘಟನೆಯಾದ ಎನ್‌ಎಸ್‌ಎಸ್‌ಎಫ್ ಅಂದಾಜು ಮಾಡಿತು. ಒಬ್ಬೊಬ್ಬರು 50 ಗುಂಡುಗಳ ಎರಡೇ ಪೆಟ್ಟಿಗೆ ಕೊಂಡರೂ 84 ಕೋಟಿ ಗುಂಡುಗಳಾದವು. ಹಳಬರು ಹೆದರಿ ಕೂಡಿಟ್ಟದ್ದು ಬೇರೆ. ಗುಂಡಿನ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಪ್ರೈಮರನ್ನು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದುದು ಫೆಡರಲ್, ಸಿಸಿಐ, ವಿಂಚೆಸ್ಟರ್ ಮತ್ತು ರೆಮಿಂಗ್ಟನ್. ಅವುಗಳಲ್ಲಿ ರೆಮಿಂಗ್ಟನ್ 2020ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು, ಅದರ ಗುಂಡು ತಯಾರಿಕೆಯ ವಿಭಾಗವನ್ನು ವಿಸ್ಟಾ ಔಟ್‌ಡೋರ್ ಕಂಪನಿ ಕೊಂಡು ಮತ್ತೆ ನಡೆಸಬೇಕಾಯಿತು. ಹೀಗೆ ಪ್ರೈಮರಿಗೇ ಅಭಾವ ಬಂದಾಗ ಕಾರ್ಖಾನೆಗಳು ಹೆಚ್ಚು ಬಿಕರಿಯಾಗುವ 9 ಎಂಎಂ ಮತ್ತು ರೈಫಲಿನ .223 ಗುಂಡುಗಳಿಗೆ ಯಂತ್ರಗಳನ್ನು ಹಚ್ಚುತ್ತವೆ, ರಿವಾಲ್ವರಿನ .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ಗುಂಡುಗಳ ಸರದಿ ಯಾವಾಗಲೋ ಒಮ್ಮೆ ಬರುತ್ತದೆ. ಸುಮಾರು 20 ಸೆಂಟಿಗೆ ಸಿಗುತ್ತಿದ್ದ 9 ಎಂಎಂ ಗುಂಡು 2021ರ ಆರಂಭದ ಹೊತ್ತಿಗೆ 70 ಸೆಂಟನ್ನೂ ದಾಟಿತ್ತು, ಆದರೂ ಅದು ಎಲ್ಲೋ ಒಂದು ಕಡೆ ಕಣ್ಣಿಗೆ ಬೀಳುತ್ತಿತ್ತು. .38 ಕಣ್ಣಿಗೇ ಬೀಳುತ್ತಿರಲಿಲ್ಲ. (ನಮ್ಮ ದೇಶದಲ್ಲಿ ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದೆಂಬುದು ಪರವಾನಗಿಯಲ್ಲೇ ಬರೆದಿರುವುದರಿಂದ ಈ ಬಗೆಯ ನೂಕುನುಗ್ಗಲಿಗೆ ಅವಕಾಶವೇ ಇಲ್ಲ.)

ಆದ್ದರಿಂದ ಯಾವ ರಿವಾಲ್ವರ್ ಎಂದು ತೀರ್ಮಾನಿಸುವ ಮೊದಲು, ಹತ್ತಿರದ ಎರಡು ಮೂರು ಅಂಗಡಿಗಳಲ್ಲಿ ಯಾವ ಗುಂಡು ಯಾವ ವಾರದಲ್ಲಿ ಬರುತ್ತದೆ, ಒಬ್ಬರಿಗೆ ಎಷ್ಟು ಪೆಟ್ಟಿಗೆ ಕೊಡುತ್ತಾರೆ ಎಂದು ಕೇಳಿ ತಿಳಿಯಬೇಕು. ಕೆಲವರು ಬಂದೂಕು ಕೊಂಡವರಿಗಷ್ಟೇ ಗುಂಡು ಕೊಡುತ್ತಾರೆ, ಕೆಲವು ರೇಂಜ್‌ಗಳು ಅಲ್ಲೇ ಹಾರಿಸಿ ಮುಗಿಸುವ ಷರತ್ತಿನ ಮೇಲೆ ಮಾರುತ್ತವೆ. ನನ್ನ ಅಭಿಪ್ರಾಯದಲ್ಲಿ ಇಂಥ ಕಾಲಕ್ಕೆ ಹೆಚ್ಚು ಹೊಂದುವುದು .357 ಮ್ಯಾಗ್ನಮ್ ರಿವಾಲ್ವರ್, ಏಕೆಂದರೆ ಅದರಲ್ಲಿ .38 ಸ್ಪೆಷಲ್ ಗುಂಡನ್ನೂ ಹಾರಿಸಬಹುದು, ಎರಡರಲ್ಲಿ ಯಾವುದು ಸಿಕ್ಕರೂ ಕೆಲಸ ನಡೆಯುತ್ತದೆ. ಆದರೆ .38ರ ರಿವಾಲ್ವರಿನಲ್ಲಿ .357 ಗುಂಡು ಹಾಕುವುದು ಎಂದಿಗೂ ಸಲ್ಲದು: .357ರ ಕೋಶ (ಮದ್ದು ತುಂಬಿರುವ ಲೋಹದ ಕವಚ) ಸುಮಾರು 3 ಮಿಲಿಮೀಟರ್ ಉದ್ದವಾಗಿರುವುದೇ ಅದು .38ರ ರಿವಾಲ್ವರಿಗೆ ಹೋಗಬಾರದೆಂಬ ಕಾರಣಕ್ಕೆ. .38 ಗುಂಡುಗಳನ್ನೇ ಬಹಳ ದಿನ ಹಾರಿಸಿದರೆ ಸಿಲಿಂಡರಿನ (ಗುಂಡುಗಳನ್ನು ತುಂಬುವ, ತಿರುಗುವ ಉರುಳೆಯ) ಪ್ರತಿ ತೂತಿನೊಳಗೂ, ಕೋಶದ ಬಾಯಿ ನಿಲ್ಲುವ ಜಾಗದಲ್ಲಿ, ಮಸಿಯ ಒಂದು ಉಂಗುರ ಕಟ್ಟಿಕೊಳ್ಳುತ್ತದೆ. ಅದನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯದೆ .357 ತುಂಬಿದರೆ ಅದು ಪೂರ್ತಿ ಒಳಗೆ ಕೂರದೆ ಸಿಕ್ಕಿಕೊಳ್ಳುತ್ತದೆ. ಹಳೆಯ, ಹಗುರ ಚೌಕಟ್ಟಿನ ರಿವಾಲ್ವರಾದರೆ ಪೆಟ್ಟಿಗೆಯ ಮೇಲೆ ಪ್ಲಸ್ ಪಿ ಎಂದು ಬರೆದಿರುವ ಹೆಚ್ಚಿನ ಒತ್ತಡದ ಗುಂಡುಗಳನ್ನು ತಯಾರಕರು ಒಪ್ಪಿದ್ದಾರೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬೇಡಿಕೆ ಏರಿದಾಗ ಪ್ಲಾಸ್ಟಿಕ್ ಚೀಲದಲ್ಲಿ ಬರುವ, ಯಾರೋ ಮನೆಯಲ್ಲಿ ಮರುತುಂಬಿಸಿದ ಗುಂಡುಗಳನ್ನು ಅಗ್ಗವೆಂದು ಕೊಳ್ಳಲೇಬಾರದು.

ಅಂತರಜಾಲದಲ್ಲಿ ಕೊಳ್ಳುವುದಾದರೆ ಪೆಟ್ಟಿಗೆಯ ಬೆಲೆಯನ್ನಲ್ಲ, ಸಾಗಣೆ ವೆಚ್ಚ ಸೇರಿಸಿ ಒಂದು ಗುಂಡಿಗೆ ಎಷ್ಟು ಬೀಳುತ್ತದೆಂಬುದನ್ನು ಲೆಕ್ಕ ಹಾಕಬೇಕು. ಎಲ್ಲ ಕಡೆಯೂ ಖಾಲಿ ಇರುವ ಸರಕು ಒಂದು ತಾಣದಲ್ಲಿ ಮಾತ್ರ ಅಭಾವಕ್ಕೆ ಮುಂಚಿನ ಬೆಲೆಗೆ ಬೇಕಾದಷ್ಟು ಇದೆಯೆಂದರೆ, ಮತ್ತು ಅದು ಕ್ರೆಡಿಟ್ ಕಾರ್ಡ್ ಒಪ್ಪದೆ ಜೆಲ್ ಎಂಬ ಹಣ ವರ್ಗಾವಣೆ ಸೇವೆ ಅಥವಾ ಬಿಟ್‌ಕಾಯಿನ್ ಮೂಲಕವೇ ಹಣ ಕೇಳುತ್ತದೆಂದರೆ, ಅದು ವಂಚಕರ ತಾಣ. ಕಳೆದ ಅಭಾವದಲ್ಲಿ ಇಂಥವು ನಾಯಿಕೊಡೆಗಳಂತೆ ಎದ್ದಿದ್ದವು.

ಹೊಸ ರಿವಾಲ್ವರಿನಲ್ಲಿ ಸ್ಮಿತ್ ಅಂಡ್ ವೆಸ್ಸನ್, ರುಗರ್, ಬ್ರೆಜಿಲ್‌ನ ಟಾರಸ್ ಇವು ಹೆಚ್ಚಾಗಿ ಕಾಣುವ ಹೆಸರುಗಳು. ಹಳೆಯದನ್ನು ಕೊಳ್ಳುವುದಾದರೆ ಮಾರುವವರ ಅನುಮತಿ ಪಡೆದು, ಸಿಲಿಂಡರನ್ನು ಪಕ್ಕಕ್ಕೆ ತೆರೆದು ಗುಂಡಿಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ನಿಧಾನವಾಗಿ ಪರೀಕ್ಷಿಸಬೇಕು. ಕುದುರೆಯನ್ನು (ಗುಂಡಿನ ಹಿಂಬದಿಗೆ ಬಡಿಯುವ ಸುತ್ತಿಗೆಯನ್ನು) ಹೆಬ್ಬೆರಳಿನಿಂದ ಮೆಲ್ಲನೆ ಹಿಂದಕ್ಕೆಳೆದರೆ, ಅದು ಕಚ್ಚಿಕೊಳ್ಳುವ ಹೊತ್ತಿಗೆ ಸಿಲಿಂಡರ್ ಕೂಡ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿರಬೇಕು. ಹೀಗೆ ಪ್ರತಿ ತೂತಿಗೂ ಮಾಡಿ ನೋಡಬೇಕು. ಯಾವುದಾದರೂ ಒಂದರಲ್ಲಿ ಅದು ನಿಲ್ಲದೆ ಜಾರಿದರೆ ಆ ತೂತು ನಳಿಗೆಯ ನೇರಕ್ಕೆ ಬರುತ್ತಿಲ್ಲವೆಂದೇ ಅರ್ಥ, ಹಾರಿಸಿದಾಗ ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಸಿಲಿಂಡರಿಗೂ ನಳಿಗೆಗೂ ನಡುವೆ ಬೆಳಕಿನ ತೆಳುವಾದ ಗೆರೆ ಕಾಣಬೇಕು, ಆದರೆ ಅಗಲವಾದ ಸಂದು ಕಾಣಬಾರದು. ನಳಿಗೆಯ ಹಿಂತುದಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದನ್ನು ಅಲ್ಲೇ ಬಿಟ್ಟು ಬರಬೇಕು, ಊರಿನಲ್ಲಿ ಬೇರೆ ರಿವಾಲ್ವರೇ ಇಲ್ಲದಿದ್ದರೂ ಸರಿ.

ಎಷ್ಟು ಗುಂಡು ಸಾಕು? ಕಲಿಯುವ ಹಂತದಲ್ಲಿರುವವರಿಗೆ ನಾಲ್ಕು ಪೆಟ್ಟಿಗೆ, ಎಂದರೆ 200, ಧಾರಾಳವಾಯಿತು. ತರಬೇತುದಾರರ ಬಳಿ ಒಂದು ತರಗತಿ ಮುಗಿಸಿ, ಮನೆಯಲ್ಲಿ ನಕಲಿ ಗುಂಡುಗಳನ್ನು ಹಾಕಿ, ಅಸಲಿ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಟ್ರಿಗರ್ ಎಳೆಯುವ ಅಭ್ಯಾಸ ಮಾಡಿದರೆ ಕೈ ಪಳಗುತ್ತದೆ. ಅದಕ್ಕೆ ತಯಾರಕರ ಒಪ್ಪಿಗೆ ಇದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ನಡೆದ ಗುಂಡಿನ ದಾಳಿಯ ನಂತರ ಎದ್ದ ಅಭಾವವೂ 2020ರದೂ ಕಾಲಕ್ರಮೇಣ ಇಳಿದವು, ಮೂರು ಪಟ್ಟು ಬೆಲೆಗೆ ಕೂಡಿಟ್ಟವರ ಬಳಿ ಸರಕು ಉಳಿಯಿತು.

ಬೀಗವಿರುವ ಪೆಟ್ಟಿಗೆಯನ್ನು ರಿವಾಲ್ವರಿಗಿಂತ ಮುಂಚೆ ಕೊಳ್ಳಬೇಕು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಈಗ ಸಿಗುತ್ತಿದೆ, ಆಮೇಲೆ ಸಿಗದು ಎಂಬ ಮಾತಿಗೆ ಕಿವಿಗೊಡದೆ ಖರೀದಿಯನ್ನೇ ಮುಂದೂಡಬೇಕು. ರಿವಾಲ್ವರಿಗೆ ಗುಂಡು ಹಾರದಂತೆ ತಡೆಯುವ ಪ್ರತ್ಯೇಕ ಸೇಫ್ಟಿ ಇರುವುದು ಅಪರೂಪ, ಮಕ್ಕಳ ಕೈಗೆ ಸಿಕ್ಕರೆ ಅಪಾಯ. ಹಾಗಾಗಿ ಗುಂಡನ್ನು ತೇವವಿಲ್ಲದ, ತಂಪಾದ ಜಾಗದಲ್ಲಿ, ಬೇರೆ ಬೀಗದೊಳಗೆ ಇಡಬೇಕು.

ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಬರುವಾಗ ಬಳಸಲೇಬಾರದು. ಹೊಲಿಗೆಯ ಸಂದಿನಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರಿನ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ 1959ರ ಆಯುಧ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಗೊತ್ತಿಲ್ಲದೆ ಉಳಿದದ್ದೆಂದು ನ್ಯಾಯಾಲಯದಲ್ಲಿ ತೋರಿಸಿಕೊಳ್ಳುವಷ್ಟರಲ್ಲಿ ರಜೆಯೂ ಹಿಂದಿರುಗುವ ಟಿಕೆಟ್ಟೂ ಮುಗಿದಿರುತ್ತವೆ.